ನನ್ನ ಪಾಲಿನ ಚಕ್ರ

ಬೈಕಿಗೆ ಯಾವ ಟೈರು ಹಾಕಿಸಲಿ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ನಾನಿರುವ ಕಮ್ಮನಹಳ್ಳಿಯ ಓಣಿಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಒಮ್ಮೆಯಂತೂ ತಿಥಿಯ ಮನೆಯಲ್ಲಿ ಎಲೆ ಮುಂದೆ ಕೂತವನನ್ನು ಕೇಳಿದರು. ಒಂದು ಕಾಲದಲ್ಲಿ ಯಾರಾದರೂ ಈ ಮಾತೆತ್ತಿದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು ಬರುತ್ತಿತ್ತು. ಗಾಡಿ ಯಾವುದು, ದಿನಕ್ಕೆ ಎಷ್ಟು ದೂರ, ಹಿಂದೆ ಯಾರು ಕೂರುತ್ತಾರೆ, ಅವರ ತೂಕ ಎಷ್ಟು ಎಂದೆಲ್ಲ ವಿಚಾರಿಸಿ ಅರ್ಧ ಗಂಟೆ ಅವರ ತಲೆ ತಿಂದು ಕಳಿಸುತ್ತಿದ್ದೆ. ಈಗ "ಅಂಗಡಿಯವನನ್ನ ಕೇಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದುಹೋಗುತ್ತೇನೆ. ನನ್ನದು ಸಿಡುಕು ಸ್ವಭಾವ ಎಂದು ಹೆಸರಾಗಿದೆ. ಸುಳ್ಳು ಹೆಸರೇನೂ ಅಲ್ಲ, ಇರಲಿ.

ವಿಷಯ ಇರುವುದು ಇಷ್ಟೇ. ಮೆತ್ತನೆಯ ರಬ್ಬರಿನ ಟೈರು ರಸ್ತೆಯನ್ನು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರಿನದು ವರ್ಷಗಟ್ಟಲೆ ಬಾಳಿಕೆ ಬರುತ್ತದೆ, ಆದರೆ ಮಳೆ ಬಿದ್ದ ರಸ್ತೆಯಲ್ಲಿ ಅದನ್ನು ನಂಬುವ ಹಾಗಿಲ್ಲ. ಎರಡೂ ಬೇಕು ಅನ್ನುವವರಿಗೆ ಅಂಗಡಿಯವರು ಎರಡೂ ಇದೆ ಎಂದೇ ಹೇಳಿ ಮಾರುತ್ತಾರೆ. ಇದು ಗೊತ್ತಿಲ್ಲದೆ ಮೋಸಹೋದವರ ಬಗ್ಗೆ ನನಗೆ ಮರುಕವಿದೆ. ನನಗೆ ಗೊತ್ತಿತ್ತು.

ನಮ್ಮ ಊರು ಕೆ.ಆರ್. ಪುರದ ಆಚೆಗೆ. ಈಗ ಅದನ್ನು ಊರು ಅನ್ನುವಂತಿಲ್ಲ, ಬಸ್ ಸ್ಟಾಪಿನ ಹೆಸರಾಗಿ ಮಾತ್ರ ಉಳಿದಿದೆ. ಅಪ್ಪ ಅಲ್ಲಿ ರಾಗಿ, ಸೊಪ್ಪು, ಒಂದಿಷ್ಟು ದ್ರಾಕ್ಷಿ ಬೆಳೆದವನು. ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಹೊಲ ಒಂದೊಂದೇ ಪಟ್ಟಿಯಾಗಿ ಲೇಔಟಿಗೆ ಹೋಗಿ, ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಮನೆ, ಹಿತ್ತಲು, ಅಣ್ಣ, ನಾನು, ಅಪ್ಪ ಉಳಿದಿದ್ದೆವು. ಕೊನೆಯ ಪಟ್ಟಿ ಹೋದಾಗ ಅಪ್ಪ ನಮ್ಮಿಬ್ಬರಿಗೂ ಸೇರಿ ಒಂದು ಮೋಟಾರ್‌ಸೈಕಲ್ ತಂದ.

ಅಪ್ಪನಿಗೆ ಪಾಲು ಮಾಡುವುದೆಂದರೆ ಒಂದು ವಿದ್ಯೆ. ಚಿಕ್ಕಪ್ಪನೂ ಅವನೂ ಬೇರೆಯಾದಾಗ ಬಾವಿ ಒಂದೇ ಇತ್ತು, ಬೆಳಗಿನ ನೀರು ನಮಗೆ, ಸಂಜೆಯದು ಅವರಿಗೆ ಎಂದಾಯಿತು. ಹುಣಸೆಮರದ ಮೂಡಲ ಕೊಂಬೆಗಳು ಅವರವು, ಪಡುವಲ ಕೊಂಬೆಗಳು ನಮ್ಮವು. ಬಾವಿಯ ಕಟ್ಟೆಯನ್ನು ಕೂಡ ಅರ್ಧರ್ಧ ನೋಡಿಕೊಳ್ಳಬೇಕಿತ್ತು. ಒಂದು ಮಳೆಗಾಲದಲ್ಲಿ ಚಿಕ್ಕಪ್ಪನ ಕಡೆಯ ಕಟ್ಟೆ ಕುಸಿದಾಗ ಅಪ್ಪ ನಾಲ್ಕು ಕಲ್ಲು ಎತ್ತಿಟ್ಟಿದ್ದರೆ ಮುಗಿಯುತ್ತಿತ್ತು. ಎತ್ತಿಡಲಿಲ್ಲ. ಕೇಳಿದರೆ, "ಅವನ ಪಾಲಿಗೆ ನಾನು ಕೈ ಹಾಕಿದ್ರೆ ಅವನಿಗೆ ಕೈಲಾಗಲ್ಲ ಅಂತ ಊರಿಗೆಲ್ಲ ಸಾರಿದಂಗೆ" ಅಂದ. ನಮ್ಮ ಕಡೆ ಅದು ನಿಜವೇ. ಇನ್ನೊಬ್ಬನ ಪಾಲನ್ನು ಒಳ್ಳೆಯದಕ್ಕೇ ಮುಟ್ಟಿದರೂ ಅವನ ಮಾನಕ್ಕೆ ಕೈ ಹಾಕಿದಂತೆ. ಚಿಕ್ಕಪ್ಪ ಬಂದು ತಾನೇ ಕಟ್ಟುವವರೆಗೆ, ಎರಡು ತಿಂಗಳು, ಆ ಕಟ್ಟೆ ಹಾಗೇ ಬಿದ್ದಿತ್ತು.

ಬೈಕು ಮನೆಗೆ ಬಂದ ದಿನ ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಿತು. ಆಮೇಲೆ ಅಪ್ಪ ಮುಂದಿನ ಚಕ್ರದ ಮೇಲೆ ಕೈಯಿಟ್ಟು, "ಇದು ಚಿಕ್ಕೋನದು" ಅಂದ. ಹಿಂದಿನ ಚಕ್ರದ ಮೇಲೆ ಕೈಯಿಟ್ಟು, "ಇದು ದೊಡ್ಡೋನದು. ಇಂಜಿನ್ನು ಇಬ್ಬರದೂ. ಅವರವರ ಚಕ್ರ ಅವರವರು ನೋಡ್ಕೊಳಿ" ಅಂದ. ಅಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ನಾವಿಬ್ಬರೂ ನಗಲಿಲ್ಲ.

ಅಣ್ಣ ಮೋಟಾರ್ ವೈಂಡಿಂಗ್ ಕೆಲಸದವನು. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯೊಂದರಲ್ಲಿ, ಒಂದು ಮಂಚ ಹಿಡಿಯುವಷ್ಟು ಅಗಲದ ಅಂಗಡಿ ಇಟ್ಟುಕೊಂಡಿದ್ದ. ಸುಟ್ಟುಹೋದ ಪಂಪು, ಮಿಕ್ಸಿ, ಗ್ರೈಂಡರುಗಳ ಹೊಟ್ಟೆ ಬಗೆದು ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು. ತಂತಿಯ ಸುರುಳಿಯನ್ನು ಕಬ್ಬಿಣದ ಸಣ್ಣ ಸಣ್ಣ ಸಂದುಗಳಿಗೆ ಒಂದು ಎಳೆಯೂ ತರಚದ ಹಾಗೆ ಕೂರಿಸಬೇಕು. ಅದಕ್ಕೆ ಯಂತ್ರವಿಲ್ಲ, ಬೆರಳೇ ಆಗಬೇಕು. ಅಣ್ಣನ ಬೆರಳುಗಳು ಅವನ ದೇಹಕ್ಕೆ ಹೊಂದದಷ್ಟು ಸಪೂರ, ಮತ್ತು ಅವು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಎಲೆಯ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇರುತ್ತಿದ್ದವು. ಅವನ ಅಂಗಡಿಗೆ ಹಲಸೂರಿನಿಂದ, ಇಂದಿರಾನಗರದಿಂದ ಜನ ಮೋಟಾರು ಹೊತ್ತು ಬರುತ್ತಿದ್ದರು.

ನಾನು ಕಾಕ್ಸ್ ಟೌನಿನ ಹಳೆಯ ಮನೆಯೊಂದರ ಹಿಂದಿದ್ದ ಲೇತ್ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕಿದ್ದೆ. ತಯಾರಾದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪಕ್ಕಕ್ಕೆ ಎಸೆಯುವುದು. ಜೇಬಿನಲ್ಲಿ ಸದಾ ಆಳ ಅಳೆಯುವ ಒಂದು ಗೇಜು. ಅಳತೆಗೆ ಸಿಕ್ಕಿದ್ದೇ ಸತ್ಯ, ಉಳಿದದ್ದು ಬಾಯಿಮಾತು ಎಂದು ನಂಬಿದ್ದವನು ನಾನು. ಬೆಳಿಗ್ಗೆ ಅಣ್ಣ ಬೈಕು ಓಡಿಸುತ್ತಿದ್ದ, ನಾನು ಹಿಂದೆ ಕೂರುತ್ತಿದ್ದೆ. ಹಳೇ ಮದ್ರಾಸ್ ರಸ್ತೆ ಹಿಡಿದು, ಹಲಸೂರು ಕೆರೆ ಪಕ್ಕದಲ್ಲಿ ಹಾದು, ನನ್ನನ್ನು ಕಾಕ್ಸ್ ಟೌನಿನಲ್ಲಿ ಇಳಿಸಿ ಅವನು ಶಿವಾಜಿನಗರಕ್ಕೆ ಹೋಗುತ್ತಿದ್ದ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಕಂಪನಿಯಿಂದ ಬಂದ ಟೈರುಗಳು ಸವೆದಾಗ ಇಬ್ಬರೂ ಒಟ್ಟಿಗೇ ಶಿವಾಜಿನಗರದ ಟೈರಿನ ಅಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದ ಭಾಯಿ, ಬಿಳಿ ಗಡ್ಡ, ಉಗುರುಗಳಲ್ಲಿ ಹೋಗದ ಕಪ್ಪು. ಅಣ್ಣ ಹಿಂದಿನ ಚಕ್ರಕ್ಕೆ ದಪ್ಪ ದಪ್ಪ ಗುಂಡಿಗಳಿದ್ದ ಒಂದು ಮೆತ್ತನೆ ಟೈರು ಆರಿಸಿಕೊಂಡ. ನಾನು ಹತ್ತು ಟೈರು ಇಳಿಸಿ, ಹತ್ತರ ಗೀರಿನ ಆಳವನ್ನೂ ಗೇಜಿನಲ್ಲಿ ಅಳೆದು, ಎಲ್ಲಕ್ಕಿಂತ ಗಟ್ಟಿಯಾದ, ಉದ್ದುದ್ದ ಪಟ್ಟಿಗಳಿದ್ದ ಒಂದನ್ನು ಎತ್ತಿಕೊಂಡೆ.

ಭಾಯಿ ನನ್ನ ಟೈರಿಗೆ ಹೆಬ್ಬೆರಳಿನ ಉಗುರು ಊರಿದರು. ಉಗುರು ಇಳಿಯಲಿಲ್ಲ.

"ನೋಡಿ ಸಾರ್, ಇದು ಲಕಡಿ, ಬರೀ ಕಟ್ಟಿಗೆ. ಚೆನ್ನಾಗಿ ಓಡ್ತದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಮುಂದೆ ಬೇಡ ಸಾರ್. ಹಿಂದೆ ಜಾರಿದ್ರೆ ಗಾಡಿ ಡ್ಯಾನ್ಸ್ ಮಾಡಿ ಹೇಳ್ತದೆ. ಮುಂದೆ ಜಾರಿದ್ರೆ ಏನೂ ಹೇಳಲ್ಲ, ಸೀದಾ ನೆಲ."

"ಮುಂದಿನ ಚಕ್ರಕ್ಕೆ ಇಂಜಿನ್ ಎಳೆತ ಇಲ್ಲ, ಹಿಂದೆ ಕೂತವರ ಭಾರ ಇಲ್ಲ. ಸುಮ್ನೆ ಉರುಳತ್ತೆ. ಅದಕ್ಯಾಕೆ ಮೆತ್ತಂದು?" ಎಂದು ನಾನು ಪಾಠ ಹೇಳಿದೆ.

"ಬ್ರೇಕು ಸಾರ್?" ಅಂದರು ಅವರು.

"ನೀವು ಬೇಗ ಸವೆಯೋದನ್ನ ಮಾರಬೇಕು, ಅದಕ್ಕೇ ಹೇಳ್ತೀರಿ" ಅಂದೆ. ಭಾಯಿ ಟೈರು ಹಾಕಿಕೊಟ್ಟರು. ಅಣ್ಣ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನು ಬಾಯಿ ಹಾಕುವಂತಿರಲಿಲ್ಲ, ಅದು ನನ್ನ ಚಕ್ರ.

ಮುಂದಿನ ವರ್ಷಗಳು ನನ್ನ ಜಂಬದ ವರ್ಷಗಳು. ಅಣ್ಣನ ಹಿಂದಿನ ಟೈರು ಎರಡು ವರ್ಷ ತುಂಬುವ ಮೊದಲೇ ಬೋಳಾಯಿತು. ಅವನು ಮತ್ತೆ ಅದೇ ಮೆತ್ತನೆಯದನ್ನೇ ಹಾಕಿಸಿದ. "ಅದು ಟೈರಲ್ಲ ಅಣ್ಣ, ಇಸ್ಕೂಲ್ ಮಕ್ಕಳ ರಬ್ಬರು. ರೋಡೆಲ್ಲ ಉಜ್ಜಿ ಉಜ್ಜಿ ಮುಗಿಸ್ತಿದ್ದೀಯ" ಎಂದು ಗೇಲಿ ಮಾಡುತ್ತಿದ್ದೆ. ಅವನು ನಕ್ಕು, "ಹಿಂದೆ ಕೂರೋನು ನೀನಲ್ವೇನೋ, ಅದಕ್ಕೇ" ಅನ್ನುತ್ತಿದ್ದ. ನನ್ನ ಮುಂದಿನ ಟೈರು ಮಾತ್ರ ಹಾಕಿಸಿದ ದಿನ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಇತ್ತು. ಭಾನುವಾರಗಳಂದು ಬೈಕು ತೊಳೆದು, ಗೀರಿನೊಳಗೆ ಗೇಜು ಇಳಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದೆ. ಟೈರು ಆರಿಸುವುದರಲ್ಲಿ ನಮ್ಮ ಹುಡುಗನನ್ನು ಮೀರಿಸಿದವರಿಲ್ಲ ಎಂದು ಊರಲ್ಲಿ ಹೆಸರಾಯಿತು. ಅಪ್ಪನಿಗೂ ಅದರಲ್ಲಿ ಹೆಮ್ಮೆ. "ಚಿಕ್ಕೋನು ಪಾಲಿಗೆ ಬಂದಿದ್ದನ್ನ ಬಾಳಿಸ್ತಾನೆ" ಎಂದು ಜಗಲಿಯಲ್ಲಿ ಕೂತು ಹೇಳುತ್ತಿದ್ದ. ಆ ಮಾತನ್ನು ಕೇಳಲೆಂದೇ ಒಮ್ಮೊಮ್ಮೆ ನಾನು ಜಗಲಿಯ ಕಡೆ ಸುಳಿಯುತ್ತಿದ್ದೆ.

ಗೇಜಿಗೆ ಆಳ ಗೊತ್ತಾಗುತ್ತದೆ, ವಯಸ್ಸು ಗೊತ್ತಾಗುವುದಿಲ್ಲ. ಬಿಸಿಲಲ್ಲಿ ನಿಂತು ನಿಂತು ರಬ್ಬರು ಒಳಗೊಳಗೇ ಸಾಯುತ್ತದೆ. ಪಟ್ಟಿಗಳು ಎದ್ದು ನಿಂತೇ ಇರುತ್ತವೆ, ಹಿಡಿತ ಮಾತ್ರ ಇರುವುದಿಲ್ಲ. ಮೊದಲೇ ಗಟ್ಟಿಯಿದ್ದ ಟೈರು ನಾಲ್ಕೈದು ವರ್ಷಕ್ಕೆ ಏನಾಗಿರುತ್ತದೆ ಎಂದು ದಿನವಿಡೀ ಲೋಹ ಮುಟ್ಟುವ ನನಗೆ ತಿಳಿಯದೆ ಇರುತ್ತದೆಯೇ? ತಿಳಿಯುತ್ತಿತ್ತು, ಮುಟ್ಟಿ ನೋಡಿದ್ದರೆ. ಅಳೆಯುತ್ತಿದ್ದೆ ಅಷ್ಟೇ, ಮುಟ್ಟುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಅಣ್ಣ, "ಮಳೇಲಿ ಮುಂದೆ ಸ್ವಲ್ಪ ತೇಲ್ದಂಗಾಗತ್ತೆ ಕಣೋ" ಅಂದ. ತುಂಬ ಮೆಲ್ಲಗೆ, ಬೇರೆ ಯಾವುದೋ ಮಾತಿನ ನಡುವೆ ಸೇರಿಸಿ ಹೇಳಿದ. ನಾನು ಆ ಕ್ಷಣವೇ ಗೇಜು ತೆಗೆದು, "ನೋಡು, ಪಟ್ಟಿ ಎಷ್ಟಿದೆ" ಎಂದು ತೋರಿಸಿದೆ. "ಸರಿ ಬಿಡು" ಅಂದ. ಅವನು ತಾನೇ ಹೋಗಿ ಒಂದು ಟೈರು ಹಾಕಿಸಿಬಿಡಬಹುದಿತ್ತು. ಅದಕ್ಕೆ ಅವನಿಗೆ ಕಷ್ಟವೂ ಇರಲಿಲ್ಲ. ಆದರೆ ಮರುದಿನ ಅಪ್ಪ ಹೊಸ ಟೈರು ನೋಡಿ ಯಾರು ಹಾಕಿಸಿದ್ದು ಎಂದು ಕೇಳುತ್ತಿದ್ದ, ದೊಡ್ಡವನು ಎಂದು ಗೊತ್ತಾಗುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಅಣ್ಣ ಅದನ್ನು ಮಾಡುವವನಲ್ಲ.

ಅಷ್ಟರಲ್ಲಿ ಅಣ್ಣನಿಗೆ ಮದುವೆಯಾಗಿತ್ತು. ಅತ್ತಿಗೆ ಒಂದು ಸಲ ಬಾಯಿಬಿಟ್ಟು ಹೇಳಿದರು. ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದವರು ನನ್ನನ್ನು ನೋಡಿ, "ಆ ಮುಂದಿನ ಟೈರು ಒಂದ್ಸಲ ಬದಲಾಯ್ಸಿಬಿಡಿ. ಇವರು ಹೇಳಲ್ಲ, ನಿಮಗೆ ಬೇಜಾರಾಗತ್ತೆ ಅಂತ. ಮಳೆ ಬಂದ್ರೆ ಇವರು ಬರೋವರ್ಗೂ ನಂಗೆ ಜೀವ ಇರಲ್ಲ" ಅಂದರು.

ನನಗೆ ಕೋಪ ನೆತ್ತಿಗೇರಿತು. "ಅಡುಗೆ ಮನೆ ನಿಮ್ದು ಅತ್ತಿಗೆ. ನಾನು ಬಂದು ನಿಮ್ಮ ಸಾರಿಗೆ ಉಪ್ಪು ಹಾಕ್ತೀನಾ?" ಅಂದೆ. ಅವರು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ನಾನು ಗೆದ್ದೆ ಅಂದುಕೊಂಡೆ. ಆ ಮಾತನ್ನು ಆಡಿದ ನನ್ನ ಬಾಯಿಗೆ ಈಗಲೂ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದಾದ ಮೇಲೆ ಬಂದ ಬೇಸಿಗೆಯ ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆಗೆ ಸುರಿದ ಎಣ್ಣೆ, ಧೂಳೆಲ್ಲ ಒಂದೇ ಹನಿಗೆ ಎದ್ದು ಮೇಲೆ ಬರುವ ಮಳೆ ಅದು. ಐದು ಗಂಟೆ ಸುಮಾರಿಗೆ ಅಣ್ಣ ವರ್ಕ್‌ಶಾಪಿನ ಗೇಟಿಗೆ ಬಂದ. ಹಿಂದಿನ ವಾರವಷ್ಟೇ ಅವನು ಮತ್ತೊಂದು ಮೆತ್ತನೆ ಟೈರು ಹಿಂದೆ ಹಾಕಿಸಿದ್ದ. ಅದರ ಮೈಮೇಲಿನ ರಬ್ಬರಿನ ಕೂದಲುಗಳು ಇನ್ನೂ ಉದುರಿರಲಿಲ್ಲ. "ಹೊಸ ಟೈರು, ಮೇಲ್ಗಡೆ ಮೇಣ ಇರತ್ತೆ. ನಿಧಾನಕ್ಕೆ ಹೋಗ್ತೀನಿ, ಬೈಬೇಡ" ಅಂದ. ನಿಜಕ್ಕೂ ನಿಧಾನವಾಗಿಯೇ ಓಡಿಸಿದ. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು.

ಹಲಸೂರು ಕೆರೆ ಪಕ್ಕದ ಇಳಿಜಾರಿನಲ್ಲಿ ಮುಂದಿದ್ದ ಆಟೋ ಯಾರೋ ಕೈಯೆತ್ತಿದರೆಂದು ಗಕ್ಕನೆ ನಿಂತಿತು. ಅಣ್ಣ ಎರಡೂ ಬ್ರೇಕು ಹಿಡಿದ. ಹಿಂದಿನ ಚಕ್ರ ಅಲ್ಲಾಡಲಿಲ್ಲ. ಹಿಂದೆ ಕೂತಿದ್ದ ನನ್ನ ಕೆಳಗೇ ಇತ್ತು ಅದು, ನೆಲವನ್ನು ಕಚ್ಚಿ ಹಿಡಿದಿತ್ತು. ಮುಂದಿನದು ಹೋಯಿತು. ಒಂದು ಸದ್ದಿಲ್ಲ, ಒಂದು ತೂರಾಟವಿಲ್ಲ. ಯಾರೋ ಗಾಡಿಯ ಮುಂಭಾಗವನ್ನು ಕೆಳಗಿನಿಂದ ಎಳೆದುಕೊಂಡ ಹಾಗಾಯಿತು, ನಾವು ನೆಲದ ಮೇಲಿದ್ದೆವು. ನಾನು ಎಡಕ್ಕೆ ಉರುಳಿ ಮಂಡಿ ತರಚಿಕೊಂಡೆ. ಅಣ್ಣ ಬಲಗೈ ಚಾಚಿ ಬಿದ್ದ. ಹಿಂದಿನಿಂದ ಬರುತ್ತಿದ್ದ ಟೆಂಪೋದವನೂ ಬ್ರೇಕು ಹಿಡಿದ, ಪಾಪ, ಅವನ ತಪ್ಪೇನೂ ಇಲ್ಲ. ಅದರ ಚಕ್ರ ನಿಂತಿದ್ದು ಅಣ್ಣನ ಕೈಯ ಮೇಲೆ.

ಜನ ಸೇರಿದರು. ಟೆಂಪೋ ಹಿಂದೆ ತಳ್ಳಿದರು. ಯಾರೋ ತಮಿಳಿನಲ್ಲಿ ನೀರು ತರಲು ಕೂಗಿದರು. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅಣ್ಣ ರಸ್ತೆಯಲ್ಲಿ ಮಲಗಿದ್ದ, ನಾನು ಬಿದ್ದ ಬೈಕಿನ ಬಳಿ ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಉಗುರು ಹಿಂದಕ್ಕೆ ಬಾಗಿತು, ಟೈರಿನ ಮೇಲೆ ಒಂದು ಗುರುತೂ ಬೀಳಲಿಲ್ಲ. ಆಮೇಲೆ ಎದ್ದು ಅಣ್ಣನ ಹತ್ತಿರ ಹೋದೆ. ಮೊದಲು ಟೈರಿನ ಹತ್ತಿರ, ಆಮೇಲೆ ಅಣ್ಣನ ಹತ್ತಿರ. ನನ್ನಂಥ ನೀಚ ಇನ್ನೊಬ್ಬನಿಲ್ಲ ಎಂದು ನಾನು ಅಂದುಕೊಳ್ಳುವುದು ಕೈ ಹೋದದ್ದಕ್ಕಲ್ಲ, ಇದಕ್ಕೆ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಳಿದ ಹೆಬ್ಬೆರಳು ಮತ್ತು ಕಿರುಬೆರಳು ಇದ್ದವು ಅಷ್ಟೇ, ಮಡಚುತ್ತಿರಲಿಲ್ಲ. ಡಾಕ್ಟರು ಕೈ ಉಳಿದದ್ದೇ ಪುಣ್ಯ ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ವಾರ್ಡಿನ ಹೊರಗೆ ಅತ್ತಿಗೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ, ಪಕ್ಕಕ್ಕೆ ಸರಿದು ಬಾಗಿಲಿಗೆ ದಾರಿ ಬಿಟ್ಟರು. ಬೈದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಅಪ್ಪ ಬಂದ. ಮಗನ ಕೈಯ ಕಟ್ಟನ್ನು ಬಹಳ ಹೊತ್ತು ನೋಡುತ್ತಾ ನಿಂತ. ಅಪ್ಪ ಅಳುವವನಲ್ಲ, ಅವನಿಗೆ ಕೋಪವೇ ದುಃಖ. ಕೊನೆಗೆ ಮಂಚದ ಕಬ್ಬಿಣ ಹಿಡಿದುಕೊಂಡು ಕೇಳಿದ.

"ಯಾವ ಚಕ್ರ ಜಾರಿದ್ದು?"

ಅಣ್ಣ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದ. ನೋಡುತ್ತಲೇ ಹೇಳಿದ.

"ಹಿಂದಿಂದು."

"ಹೋದ ವಾರ ಹಾಕ್ಸಿದ್ಯಲ್ಲೋ ಹೊಸದು?"

"ಹೂಂ ಅಪ್ಪ. ಹೊಸದ್ರಲ್ಲಿ ಮೇಣ ಇರತ್ತೆ. ಮಳೇಲಿ ಜಾರತ್ತೆ."

ಅಪ್ಪನಿಗೆ ನಂಬಿಕೆಯಾಗಲಿಲ್ಲ. ಹೊಸ ಟೈರು ಜಾರುತ್ತದೆ ಅನ್ನುವುದು ಅವನ ತಲೆಗೆ ಇಳಿಯುವ ಮಾತಲ್ಲ. ನನ್ನ ಕಡೆ ತಿರುಗಿದ. ಮನೆಯಲ್ಲಿ ಟೈರಿನ ವಿಷಯ ಬಲ್ಲವನು ನಾನಲ್ಲವೇ.

"ಹೌದೇನೋ? ಹೊಸ ಟೈರು ಜಾರತ್ತಾ?"

ಅಣ್ಣ ಇನ್ನೂ ನನ್ನನ್ನೇ ನೋಡುತ್ತಿದ್ದ. ಆ ನೋಟವನ್ನು ಆಗ ನಾನು ಹೀಗೆ ಓದಿಕೊಂಡೆ: ಸುಮ್ಮನಿರು, ನಾನು ನಿನ್ನನ್ನು ಕಾಪಾಡುತ್ತಿದ್ದೇನೆ. ಹಾಗೆ ಓದಿಕೊಳ್ಳುವುದು ನನಗೆ ಅನುಕೂಲವಾಗಿತ್ತು.

"ಹೌದಪ್ಪ" ಅಂದೆ. "ಹೊಸದು ಸ್ವಲ್ಪ ದಿನ ಜಾರತ್ತೆ."

ಸುಳ್ಳಲ್ಲ. ಹೊಸ ಟೈರು ಸ್ವಲ್ಪ ದಿನ ಜಾರುತ್ತದೆ, ಬೇಕಿದ್ದರೆ ಯಾರನ್ನಾದರೂ ಕೇಳಿ. ಅಪ್ಪ ತಲೆಯಾಡಿಸಿದ. "ಮೆತ್ತಂದು ಮೆತ್ತಂದು ಅಂತ ಕುಣಿದ್ಯಲ್ಲ. ತಮ್ಮನ್ನ ನೋಡಿ ಕಲೀಬಾರ್ದಿತ್ತಾ?" ಎಂದು ಬೆರಳು ಕಳೆದುಕೊಂಡ ಮಗನಿಗೆ ಹೇಳಿದ. ಅಣ್ಣ ಆಗ ನನ್ನಿಂದ ಕಣ್ಣು ತೆಗೆದು ಕಿಟಕಿಯ ಕಡೆ ಹೊರಳಿದ.

ಬೈಕು ಪೂರ್ತಿ ನನ್ನದಾಯಿತು. ಪಾಲಿಗೆ ಬಂದದ್ದನ್ನು ನೋಡಿಕೊಳ್ಳದವನಿಗೆ ಪಾಲು ಯಾಕೆ ಎಂಬುದು ಅಪ್ಪನ ನ್ಯಾಯ. ನಾನು ಬೇಡ ಅನ್ನಲಿಲ್ಲ. ಮುಂದಿನ ಟೈರನ್ನು ಒಂದೇ ವಾರದಲ್ಲಿ ಬದಲಾಯಿಸಿದೆ. ಆ ಭಾಯಿಯ ಅಂಗಡಿಗೆ ಹೋಗುವ ಧೈರ್ಯವಾಗಲಿಲ್ಲ, ಬೇರೆ ಕಡೆ ಹಾಕಿಸಿದೆ. ಅವರಲ್ಲಿದ್ದ ಅತಿ ಮೆತ್ತನೆಯದು. ಅಪ್ಪ ಕೇಳಿದರೆ ಬಿದ್ದಾಗ ಹಳೆಯದು ಹರಿಯಿತು ಎಂದು ಹೇಳಲು ಸಿದ್ಧನಾಗಿದ್ದೆ. ಅವನು ಕೇಳಲಿಲ್ಲ. ಅತ್ತಿಗೆ ಒಂದು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಇಡುತ್ತಾ ಆ ಟೈರನ್ನು ನೋಡಿದರು. "ಬದಲಾಯ್ಸಿದ್ರಾ?" ಅಂದರು. "ಹೂಂ" ಅಂದೆ. "ಒಳ್ಳೇದಾಯ್ತು" ಅಂದು ರಂಗೋಲಿ ಮುಗಿಸಿದರು.

ಅಣ್ಣ ಕೆಲವು ತಿಂಗಳು ಎಡಗೈಯಲ್ಲಿ ವೈಂಡಿಂಗ್ ಕಲಿಯಲು ನೋಡಿದ. ನಾನೇ ಒಂದು ದಿನ ಅವನ ಅಂಗಡಿಯಲ್ಲಿ ಕೂತು ನೋಡಿದೆ. ತಂತಿಯ ಸುರುಳಿಯನ್ನು ಸಂದಿಗೆ ಕೂರಿಸಲು ಹೋಗಿ ಅದು ಸೊಟ್ಟಗಾಗುತ್ತಿತ್ತು. ಬಿಚ್ಚುವನು, ಮತ್ತೆ ಸುತ್ತುವನು, ಬಲಗೈಯ ಮೊಂಡು ಅಭ್ಯಾಸಬಲದಿಂದ ಮುಂದೆ ಬರುವುದು, ಹಿಂದಕ್ಕೆ ಎಳೆದುಕೊಳ್ಳುವನು. ಮಧ್ಯಾಹ್ನದ ಹೊತ್ತಿಗೆ ಮೋಟಾರನ್ನು ಪಕ್ಕಕ್ಕಿಟ್ಟು, "ಇದು ಆಗಲ್ಲ ಬಿಡು" ಅಂದ. ಅಂಗಡಿ ಬಿಟ್ಟುಕೊಟ್ಟ. ಅಂಗವಿಕಲರಿಗೆ ಎಸ್‌ಟಿಡಿ ಬೂತು ಕೊಡುತ್ತಿದ್ದ ಕಾಲ, ಕೆ.ಆರ್. ಪುರದ ಮಾರ್ಕೆಟ್ಟಿನ ಹತ್ತಿರ ಅವನಿಗೂ ಒಂದು ಸಿಕ್ಕಿತು. ಹಳದಿ ಬೋರ್ಡು, ಗಾಜಿನ ಗೂಡು, ಎಡಗೈಯಲ್ಲಿ ಬಿಲ್ಲು ಹರಿದುಕೊಡುವ ಅಣ್ಣ. ಮೂರ್ನಾಲ್ಕು ವರ್ಷದಲ್ಲಿ ಎಲ್ಲರ ಜೇಬಿಗೂ ಮೊಬೈಲು ಬಂದಾಗ ಆ ಬೂತಿಗೂ ನೊಣ ಹೊಡೆಯುವ ಕೆಲಸವೇ ಆಯಿತು. ಅವನು ಬೆಳಿಗ್ಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಅಪ್ಪ ಟೈರಿನ ಮಾತನ್ನು ಬಿಡಲಿಲ್ಲ. ನೆಂಟರು ಬಂದರೆ, ಅಣ್ಣನ ಕೈ ನೋಡಿ ಲೊಚಗುಟ್ಟಿದರೆ, "ನಮ್ಮ ದೊಡ್ಡೋನು ಟೈರು ಆರಿಸಿದ್ದು ಹಂಗೆ" ಎಂದು ಶುರು ಮಾಡುತ್ತಿದ್ದ. ಹಬ್ಬದ ಊಟಕ್ಕೆ ಕೂತಾಗ ಅನ್ನುತ್ತಿದ್ದ. ಅಣ್ಣನ ಮಗಳ ಎದುರಿಗೇ ಅನ್ನುತ್ತಿದ್ದ. ಹೊಟ್ಟೆಯ ಸಂಕಟ ಹಾಗೆ ಹೊರಗೆ ಬರುತ್ತಿತ್ತು, ನನಗೆ ಗೊತ್ತು. ಆದರೆ ಪ್ರತಿ ಸಲವೂ ಅಣ್ಣ ಅನ್ನ ಕಲೆಸುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನ ಕಡೆ ನೋಡುತ್ತಿದ್ದ. ಪ್ರತಿ ಸಲವೂ ನಾನು ಎಲೆಯಿಂದ ಕಣ್ಣೆತ್ತುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಉಣ್ಣುವುದೂ ಒಂದು ಅಭ್ಯಾಸ, ಕ್ರಮೇಣ ಬರುತ್ತದೆ.

ಹೀಗೆ ಆರೇಳು ವರ್ಷ. ಅಪ್ಪ ಹಾಸಿಗೆ ಹಿಡಿದ. ನಾನು ಆಗ ಕಮ್ಮನಹಳ್ಳಿಯಲ್ಲಿ ಮನೆ ಮಾಡಿದ್ದೆ, ವಾರಕ್ಕೆ ಮೂರು ಸಲ ಅದೇ ಬೈಕಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹೋಗುವಾಗಲೆಲ್ಲ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪನ ಗಡ್ಡ ಹೆರೆಯುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನೇ ಕೇಳಿದ, "ಗಾಡಿ ಹೆಂಗಿದೆ?"

"ಚೆನ್ನಾಗಿದೆ ಅಪ್ಪ."

"ಬಾಳಿಸ್ತೀಯ ಬಿಡು ನೀನು" ಅಂದ.

ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದು ಬರುವುದಿಲ್ಲ ಎಂದು ಆಗಲೇ ತಿಳಿದಿತ್ತು. ಸೋಪಿನ ನೊರೆ ಒರೆಸಿ ಕನ್ನಡಿ ತೋರಿಸಿದೆ. ಅಪ್ಪ ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಸಂಜೆ ಅಣ್ಣ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ತಲೆ ಬೋಳಿಸಿಕೊಂಡಿದ್ದರಿಂದ ಇದ್ದಕ್ಕಿದ್ದಂತೆ ಮುದುಕನಾದ ಹಾಗೆ ಕಾಣುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. ಅಪ್ಪ ಇಲ್ಲ ಎಂಬುದೇ ನನಗೆ ಧೈರ್ಯ ಕೊಟ್ಟಿತು, ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ.

"ಅಣ್ಣ, ಅವತ್ತು ಜಾರಿದ್ದು ಮುಂದಿನ ಚಕ್ರ. ನಂದು" ಅಂದೆ.

"ಗೊತ್ತು" ಅಂದ. "ಹ್ಯಾಂಡಲ್ಲು ನನ್ನ ಕೈಲೇ ಇತ್ತಲ್ಲೋ."

"ಮತ್ಯಾಕೆ ಅಪ್ಪನ ಹತ್ರ ಹಿಂದಿಂದು ಅಂದೆ?"

ಅವನು ಬೀದಿಯ ಕಡೆಗೇ ನೋಡುತ್ತಾ ಹೇಳಿದ. ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನೀನು 'ಇಲ್ಲಪ್ಪ, ನಂದು' ಅಂತೀಯ ಅಂತ."

ನಾನು ಅವನ ಕಡೆ ತಿರುಗಿದೆ.

"ನಾನೇ ನಿಂದು ಅಂದಿದ್ರೆ ದೂರು ಹೇಳ್ದಂಗಾಗ್ತಿತ್ತು" ಎಂದು ಅವನೇ ಮುಂದುವರಿಸಿದ. "ನೀನು ಹೇಳಿದ್ರೆ ಅಪ್ಪ ನಾಲ್ಕು ಮಾತು ಬೈದು ಸುಮ್ಮನಾಗ್ತಿದ್ದ. ನೀನು ಹೌದು ಅಂದುಬಿಟ್ಟೆ. ಭಯ ಬಿದ್ದಿದ್ದಾನೆ, ನಾಳೆ ಹೇಳ್ತಾನೆ ಅನ್ಕೊಂಡೆ. ಊಟಕ್ಕೆ ಕೂತಾಗೆಲ್ಲ ಇವತ್ತು ಹೇಳ್ತಾನೆ ಅನ್ಕೊಂಡೆ. ಅಪ್ಪ ಮಲಗಿದ್ಮೇಲೆ ನೀನು ಬಂದಾಗೆಲ್ಲ ನಾನು, ಇವಳು, ಮಗು, ಎಲ್ಲ ಹೊರಗಡೆ ಹೋಗ್ತಿದ್ವಿ. ನಿನಗೆ ಹೇಳೋಕೆ ಆಗ್ಲಿ ಅಂತ."

"ಈಗ ಹೇಳ್ತಿದ್ದೀನಲ್ಲಣ್ಣ" ಅಂದೆ.

"ಯಾರಿಗೆ?" ಅಂದ ಅಣ್ಣ.

ಒಳಗಿನಿಂದ ಅತ್ತಿಗೆ ಊಟಕ್ಕೆ ಕರೆದರು. ಅವನು ಗೋಡೆಗೆ ಎಡಗೈ ಊರಿ ಎದ್ದು ಒಳಗೆ ಹೋದ. ನಾನು ಜಗಲಿಯ ಮೇಲೇ ಕೂತಿದ್ದೆ. ಎರಡನೆಯ ಸಲ ಯಾರೂ ಕರೆಯಲಿಲ್ಲ.